ಮೊದಲು ಕೂಲಿಗಾರ, ಆಮೇಲೆ ಗುಮಾಸ್ತ: ಸಿಲೋನಿನ ಸ್ವಾತಂತ್ರ್ಯದಿಂದ ಒಂದು ಪಾಠ

ಸಿಲೋನ್ ಎಂದೊಡನೆ ನಮ್ಮಲ್ಲಿ ಹಿರಿಯರಾದವರಿಗೆ ನೆನಪಾಗುವುದು ರೇಡಿಯೋ. ಬುಧವಾರ ರಾತ್ರಿ ಬಿನಾಕಾ ಗೀತಮಾಲಾ ಕೇಳಲು ಚಾಳಿನ ಒಂದು ಖೋಲಿಯ ಮುಂದೆ ಹತ್ತು ಖೋಲಿಯ ಜನ ಕೂಡುತ್ತಿದ್ದ ಕಾಲವದು. ಆ ಹಾಡುಗಳು ತೇಲಿಬರುತ್ತಿದ್ದ ದ್ವೀಪದಲ್ಲಿ, ಅದೇ ವರ್ಷಗಳಲ್ಲಿ, ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಯಾವ ದೇಶಕ್ಕೂ ಸೇರದವರಾಗಿ ಕುಳಿತಿದ್ದರು. ಆ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿತ್ತು? ಈ ಸಂಚಿಕೆಯ ಅಭ್ಯಾಸಕ್ಕೆ ನಾವು ಅದನ್ನೇ ಎತ್ತಿಕೊಂಡಿದ್ದೇವೆ. ೧೯೭೨ರಲ್ಲಿ ಆ ದೇಶ ಶ್ರೀಲಂಕಾ ಎಂಬ ಹೆಸರನ್ನು ತಳೆಯಿತು. ನಾವು ಹೇಳಹೊರಟಿರುವುದು ಬಹುಮಟ್ಟಿಗೆ ಅದಕ್ಕೆ ಹಿಂದಿನ ಮಾತಾದುದರಿಂದ ಹಳೆಯ ಹೆಸರನ್ನೇ ಬಳಸುತ್ತೇವೆ.

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಎರಡು ಬಗೆಯವರಿದ್ದಾರೆ. ಹೋಟೆಲಿನಲ್ಲಿ, ಕಾರ್ಖಾನೆಯಲ್ಲಿ, ಕಟ್ಟಡದ ಕೆಲಸದಲ್ಲಿ ಮೈಮುರಿದು ದುಡಿಯುವವರು ಕೆಲವರು. ಕಚೇರಿಯಲ್ಲಿ ಲೇಖನಿ ಹಿಡಿದು ದುಡಿಯುವವರು ಕೆಲವರು. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪತ್ರಿಕೆ ಓದುತ್ತೇವೆ; ಆದರೂ ಒಬ್ಬನ ಕಷ್ಟ ಇನ್ನೊಬ್ಬನದಲ್ಲ ಎಂಬ ಭಾವನೆ ಒಳಗೊಳಗೇ ಇದ್ದೇ ಇರುತ್ತದೆ. ಸಿಲೋನಿನ ಕಥೆ ಇಬ್ಬರೂ ಕೂಡಿ ಓದಬೇಕಾದದ್ದು. ಅಲ್ಲಿ ಸ್ವಾತಂತ್ರ್ಯ ಬಂದ ವರ್ಷವೇ ಕೂಲಿಗಾರನ ಹಕ್ಕು ಹೋಯಿತು. ಆಗ ಗುಮಾಸ್ತ ಅದು ತನ್ನ ಮಾತಲ್ಲವೆಂದುಕೊಂಡ. ಎಂಟು ವರ್ಷ ಕಳೆದ ಮೇಲೆ ಕಾನೂನು ಗುಮಾಸ್ತನ ಮೇಜಿನ ಬಳಿಗೂ ಬಂತು.

೧. ದ್ವೀಪದ ಜನ

ಸಿಲೋನಿಗೆ ಪೋರ್ತುಗೀಸರು ಬಂದದ್ದು ೧೫೦೫ರಲ್ಲಿ. ಅವರನ್ನು ಓಡಿಸಿ ಡಚ್ಚರು ಕರಾವಳಿಯನ್ನು ಹಿಡಿದರು. ೧೭೯೬ರಲ್ಲಿ ಇಂಗ್ಲಿಷರು ಡಚ್ಚರ ಜಾಗಕ್ಕೆ ಬಂದರು. ಬೆಟ್ಟದ ಸೀಮೆಯ ಕ್ಯಾಂಡಿ ರಾಜ್ಯ ೧೮೧೫ರಲ್ಲಿ ಅವರ ಕೈಸೇರಿದ ಮೇಲೆ ಇಡೀ ದ್ವೀಪ ಒಂದೇ ಆಡಳಿತಕ್ಕೆ ಒಳಗಾಯಿತು.

ಜನರಲ್ಲಿ ಬಹುಸಂಖ್ಯಾತರು ಸಿಂಹಳರು. ಅವರಲ್ಲಿ ಬಹುಪಾಲು ಬೌದ್ಧರು. ಉತ್ತರದ ಜಾಫ್ನಾ ಮತ್ತು ಪೂರ್ವದ ಕರಾವಳಿಯಲ್ಲಿ ನೂರಾರು ವರ್ಷಗಳಿಂದ ನೆಲೆಸಿದ ತಮಿಳರಿದ್ದರು. ಇವರನ್ನು ಸಿಲೋನ್ ತಮಿಳರೆಂದು ಕರೆಯುತ್ತಿದ್ದರು. ಮುಸಲ್ಮಾನರೂ, ಡಚ್ಚರ ಸಂತತಿಯ ಬರ್ಗರರೂ ಇದ್ದರು. ಇವರೆಲ್ಲರ ಬಳಿಕ ಬಂದವರು ತೋಟದ ತಮಿಳರು. ಲೇಖನದುದ್ದಕ್ಕೂ ವಾಚಕರು ನೆನಪಿಡಬೇಕಾದವರು ಇವರೇ.

ಇಂಗ್ಲಿಷರು ಬೆಟ್ಟದ ಕಾಡು ಕಡಿದು ಕಾಫಿ ಹಾಕಿದರು. ಎಲೆರೋಗದಿಂದ ಕಾಫಿ ಹಾಳಾದ ಮೇಲೆ ಅದೇ ನೆಲದಲ್ಲಿ ಚಹ ಬೆಳೆದರು. ಕೆಲಸಕ್ಕೆ ಆಳು ಬೇಕಾದಾಗ ತಿರುಚಿನಾಪಳ್ಳಿ, ಮಧುರೆ, ಸೇಲಂ, ರಾಮನಾಡು ಮೊದಲಾದ ಜಿಲ್ಲೆಗಳ ಬಡವರನ್ನು ಕರೆತಂದರು. ಕರೆತರುತ್ತಿದ್ದವನಿಗೆ ಕಂಗಾಣಿ ಎಂದು ಹೆಸರು. ಅವನು ಊರಿನಲ್ಲಿ ಮುಂಗಡ ಕೊಡುವನು, ದಾರಿಯ ಖರ್ಚು ಬರೆದಿಡುವನು. ತೋಟ ಸೇರುವ ಹೊತ್ತಿಗೆ ಆಳು ಸಾಲಗಾರನಾಗಿರುವನು. ನಮ್ಮ ಕೊಡಗು, ಚಿಕ್ಕಮಗಳೂರು ತೋಟಗಳ ಮೇಸ್ತ್ರಿಯನ್ನು ಬಲ್ಲವರಿಗೆ ಕಂಗಾಣಿಯ ಪರಿಚಯ ಬೇರೆ ಬೇಡ. ಅಲ್ಲಿನ ವಸತಿಯೂ ನಮ್ಮ ತೋಟಗಳಲ್ಲಿ ಕಾಣುವ ಲೈನು ಮನೆಯೇ: ಉದ್ದನೆಯ ಒಂದು ಸಾಲು, ಒಂದು ಸಂಸಾರಕ್ಕೆ ಒಂದು ಕೋಣೆ.

೧೯೪೬ರ ಜನಗಣತಿಯಂತೆ ದ್ವೀಪದ ಜನ ಸುಮಾರು ೬೬ ಲಕ್ಷ. ಅವರಲ್ಲಿ ಭಾರತೀಯ ತಮಿಳರೆಂದು ಬರೆಸಿಕೊಂಡವರು ಸುಮಾರು ೭ ಲಕ್ಷ ೮೦ ಸಾವಿರ. ಇವರ ಸಂಖ್ಯೆ ಸಿಲೋನ್ ತಮಿಳರಿಗಿಂತ ಸ್ವಲ್ಪ ಹೆಚ್ಚೇ ಇತ್ತು. ದೇಶದ ಬೊಕ್ಕಸ ತುಂಬಿಸುತ್ತಿದ್ದ ಚಹದ ಎಲೆಯನ್ನು ಕೊಯ್ದ ಕೈಗಳು ಇವರವು.

ಸಿಂಹಳ ರೈತನ ದುಃಖವನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ದಾಖಲೆಯಿಲ್ಲದ ನೆಲವೆಲ್ಲ ಸರಕಾರದ್ದೆಂದು ೧೮೪೦ರಲ್ಲಿ ಇಂಗ್ಲಿಷರು ಶಾಸನ ಮಾಡಿದರು. ಕ್ಯಾಂಡಿ ಸೀಮೆಯ ಹಳ್ಳಿಗರು ದನ ಮೇಯಿಸುತ್ತಿದ್ದ ಗುಡ್ಡಗಳು ತೋಟಗಳಾದವು. ಹಳ್ಳಿಗನ ಕಣ್ಣಿಗೆ ಬಿದ್ದವನು ಲಂಡನ್ನಿನಲ್ಲಿದ್ದ ಒಡೆಯನಲ್ಲ, ಗುಡ್ಡದ ಮೇಲೆ ಕಾಣುತ್ತಿದ್ದ ಕೂಲಿಗಾರ. ನೆಲ ಕಸಿದವನು ಯಾರೋ, ಸಿಟ್ಟು ಬಿದ್ದದ್ದು ಯಾರ ಮೇಲೋ.

೨. ಮತದ ಹಕ್ಕು ಬಂದ ಬಗೆ

ಮೊದಮೊದಲು ಸಿಂಹಳ ಮತ್ತು ತಮಿಳು ವಿದ್ಯಾವಂತರ ನಡುವೆ ಅಂಥ ವೈರವಿರಲಿಲ್ಲ. ೧೯೧೯ರಲ್ಲಿ ಹುಟ್ಟಿದ ಸಿಲೋನ್ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರು ತಮಿಳರಾದ ಪೊನ್ನಂಬಲಂ ಅರುಣಾಚಲಂ. ಶಾಸನಸಭೆಯಲ್ಲಿ ಯಾರಿಗೆಷ್ಟು ಸ್ಥಾನ ಎಂಬ ಲೆಕ್ಕ ಎದ್ದಾಗ ಮನಸ್ಸು ಮುರಿಯಿತು. ಅರುಣಾಚಲಂ ೧೯೨೧ರಲ್ಲಿ ಆ ಸಂಸ್ಥೆಯನ್ನು ಬಿಟ್ಟರು.

ಬಳಿಕ ಬಂದ ಡೊನೊಮೋರ್ ಆಯೋಗ ಯಾರೂ ನಿರೀಕ್ಷಿಸದಿದ್ದ ಸಲಹೆಯಿತ್ತಿತು. ಗಂಡಸರಿಗೂ ಹೆಂಗಸರಿಗೂ ಮತ ಕೊಡಬೇಕೆಂಬುದೇ ಆ ಸಲಹೆ. ಅದರಂತೆ ೧೯೩೧ರಲ್ಲಿ ಸಿಲೋನಿನಲ್ಲಿ ವಯಸ್ಕ ಮತದಾನ ಜಾರಿಗೆ ಬಂತು. ನಮ್ಮ ದೇಶದಲ್ಲಿ ಅಂಥ ಮತದಾನ ನಡೆಯಲು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು.

ಎಲ್ಲರಿಗೂ ಮತ ಎಂದೊಡನೆ ತೋಟದವರ ಪ್ರಶ್ನೆ ಎದ್ದಿತು. ಅವರು ಇಲ್ಲಿಯವರೋ, ಬಂದು ಹೋಗುವವರೋ? ಅವರಿಗೆ ಮತ ಕೊಟ್ಟರೆ ಬೆಟ್ಟದ ಸೀಮೆಯ ಸ್ಥಾನಗಳು ಸಿಂಹಳರ ಕೈತಪ್ಪುವುವೆಂದು ಕ್ಯಾಂಡಿಯ ಮುಖಂಡರು ಹೆದರಿದರು. ಆದ್ದರಿಂದ ಭಾರತದಿಂದ ಬಂದವರಿಗೆ ನೆಲೆಸುವಿಕೆಯ ಪುರಾವೆ, ಓದುಬರಹ, ಆಸ್ತಿ ಮುಂತಾದ ಷರತ್ತುಗಳನ್ನು ಹಾಕಿದರು. ಆದರೂ ಸಾಕಷ್ಟು ಜನ ಮತದಾರರ ಪಟ್ಟಿಗೆ ಸೇರಿದರು.

೧೯೩೦ರ ದಶಕದಲ್ಲಿ ಬೆಲೆ ಕುಸಿದು ಕೆಲಸ ಕಡಿಮೆಯಾದಾಗ ಹೊರಗಿನವರನ್ನು ಕಳಿಸಿರೆಂಬ ಕೂಗು ಕೊಲಂಬೊ ಬೀದಿಗಳಲ್ಲಿ ಹೆಚ್ಚಿತು. ದಿನಗೂಲಿಯ ಭಾರತೀಯರನ್ನು ಸರಕಾರಿ ಕೆಲಸದಿಂದ ಬಿಡಿಸಲು ೧೯೩೯ರಲ್ಲಿ ಅಲ್ಲಿನ ಮಂತ್ರಿಗಳು ಮುಂದಾದರು. ಮಾತುಕತೆಗೆಂದು ಜವಾಹರಲಾಲ ನೆಹರೂ ಅಲ್ಲಿಗೆ ಹೋದರು. ಫಲ ದೊರೆಯಲಿಲ್ಲ. ಆ ಭೇಟಿಯ ಕಾಲದಲ್ಲಿ ಅಲ್ಲಿನ ಭಾರತೀಯರು ಸಿಲೋನ್ ಇಂಡಿಯನ್ ಕಾಂಗ್ರೆಸ್ ಎಂಬ ತಮ್ಮ ಸಂಸ್ಥೆಯನ್ನು ಕಟ್ಟಿಕೊಂಡರು.

೩. ಸ್ವಾತಂತ್ರ್ಯ ಮತ್ತು ಮೊದಲ ಕಾಯಿದೆ

ಸಿಲೋನಿಗೆ ಸ್ವಾತಂತ್ರ್ಯ ಬಂದದ್ದು ಸಂಧಾನದಿಂದ. ಸೋಲ್ಬರಿ ಆಯೋಗ ರಾಜ್ಯಾಂಗದ ರೂಪ ಕೊಟ್ಟಿತು. ಅದರ ೨೯ನೆಯ ವಿಧಿಯಲ್ಲಿ ಒಂದು ಕಾವಲು ಇತ್ತು: ಯಾವುದೇ ಒಂದು ಕೋಮಿನವರಿಗೆ ಮಾತ್ರ ತೊಂದರೆಯಾಗುವಂಥ ಕಾಯಿದೆಯನ್ನು ಪಾರ್ಲಿಮೆಂಟು ಮಾಡಕೂಡದು. ಅಲ್ಪಸಂಖ್ಯಾತರು ಈ ಕಾವಲನ್ನು ನಂಬಿದರು. ೧೯೪೭ರಲ್ಲಿ ಚುನಾವಣೆ ನಡೆದು ತೋಟದ ಸೀಮೆಯಿಂದ ಸಿಲೋನ್ ಇಂಡಿಯನ್ ಕಾಂಗ್ರೆಸ್ಸಿನವರೂ ಆರಿಸಿ ಬಂದರು. ಅವರಲ್ಲಿ ಎಸ್. ತೊಂಡಮಾನ್ ಒಬ್ಬರು. ಬೇರೆ ಕೆಲವು ಕ್ಷೇತ್ರಗಳಲ್ಲಿ ತೋಟದವರ ಮತ ಎಡಪಕ್ಷಗಳಿಗೆ ಹೋಯಿತು. ಡಿ. ಎಸ್. ಸೇನಾನಾಯಕರು ಪ್ರಧಾನಿಗಳಾದರು. ೧೯೪೮ರ ಫೆಬ್ರವರಿ ೪ರಂದು ದೇಶ ಸ್ವತಂತ್ರವಾಯಿತು.

ಅದೇ ವರ್ಷ ಪೌರತ್ವದ ಕಾಯಿದೆ ಬಂತು. ಅದರ ಒಳಗುಟ್ಟು ಇಷ್ಟೇ: ಸಿಲೋನಿನಲ್ಲಿ ಹುಟ್ಟಿದರೆ ಸಾಲದು. ಅಪ್ಪನೂ ಅಲ್ಲಿಯೇ ಹುಟ್ಟಿರಬೇಕು. ಇಲ್ಲವೇ ಅಪ್ಪನ ಅಪ್ಪ, ಅವನ ಅಪ್ಪ ಇಬ್ಬರೂ ಅಲ್ಲಿ ಹುಟ್ಟಿರಬೇಕು. ಓದಲಿಕ್ಕೆ ಇದು ಎಲ್ಲರಿಗೂ ಒಂದೇ ಎಂಬಂತಿದೆ. ಆದರೆ ಲೈನು ಮನೆಯ ಕೂಲಿಗಾರ ಅಪ್ಪನ ಹುಟ್ಟಿಗೆ ಕಾಗದವನ್ನು ಎಲ್ಲಿಂದ ತರಬೇಕು? ತನ್ನ ಹೆಸರನ್ನೇ ತೋಟದ ಗುಮಾಸ್ತ ಬರೆದಂತೆ ಒಪ್ಪಿಕೊಂಡವನು ಅವನು. ಹಳ್ಳಿಯ ಸಿಂಹಳನ ಬಳಿಯೂ ಅಜ್ಜನ ಕಾಗದವಿರಲಿಲ್ಲ. ಅವನನ್ನು ಯಾರೂ ಕೇಳಲಿಲ್ಲ, ಅಷ್ಟೇ ವ್ಯತ್ಯಾಸ.

೧೯೪೯ರಲ್ಲಿ ಮತ್ತೊಂದು ಕಾಯಿದೆ ಬಂತು. ಭಾರತ, ಪಾಕಿಸ್ತಾನಗಳಿಂದ ಬಂದವರು ಅರ್ಜಿ ಹಾಕಿ ಪೌರರಾಗಬಹುದು. ಮದುವೆಯಾದವನು ೧೯೪೬ರ ಜನವರಿ ೧ಕ್ಕೆ ಮುಂಚೆ ಎಡೆಬಿಡದೆ ೭ ವರ್ಷ, ಮದುವೆಯಾಗದವನು ೧೦ ವರ್ಷ ಅಲ್ಲಿ ವಾಸ ಮಾಡಿದ್ದಕ್ಕೆ ಪುರಾವೆ ತೋರಿಸಬೇಕು. ಊರಿಗೆ ಹೋಗಿ ಹೆಚ್ಚು ಕಾಲ ನಿಂತಿದ್ದರೆ ಎಣಿಕೆ ಮುರಿಯುವುದು. ಹೆಂಡತಿ ಮಕ್ಕಳು ಊರಿನಲ್ಲಿದ್ದರೂ ತೊಡಕು. ಅರ್ಜಿಗೆ ಎರಡು ವರ್ಷದ ಗಡುವು. ಸಂಸಾರವನ್ನು ಊರಲ್ಲಿ ಬಿಟ್ಟು ದುಡಿಯಲು ಬಂದ ವಾಚಕರು ಈ ಷರತ್ತುಗಳನ್ನು ಒಮ್ಮೆ ತಮಗೆ ಹಾಕಿಕೊಂಡು ನೋಡಲಿ. ತೋಟದವರ ಮುಖಂಡರು ಮೊದಲು ಅರ್ಜಿ ಹಾಕಬೇಡಿರೆಂದರು. ಗಡುವು ಹತ್ತಿರವಾದಾಗ ಹಾಕಿರೆಂದರು. ಕೊನೆಗೆ ಸುಮಾರು ೨ ಲಕ್ಷ ೩೭ ಸಾವಿರ ಅರ್ಜಿಗಳು ಬಂದವು. ಅವುಗಳಲ್ಲಿದ್ದ ಜನ ಸುಮಾರು ೮ ಲಕ್ಷ ೨೫ ಸಾವಿರ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ವಿಚಾರಣೆಯ ಮೇಲೆ ಪೌರತ್ವ ಸಿಕ್ಕಿದ್ದು ಸುಮಾರು ೧ ಲಕ್ಷ ೩೪ ಸಾವಿರ ಜನರಿಗೆ.

ಅದೇ ೧೯೪೯ರಲ್ಲಿ ಚುನಾವಣೆಯ ಕಾಯಿದೆಯನ್ನೂ ತಿದ್ದಿದರು. ಪೌರನಲ್ಲದವನಿಗೆ ಮತವಿಲ್ಲ. ೧೯೫೨ರ ಚುನಾವಣೆಯಲ್ಲಿ ಸಿಲೋನ್ ಇಂಡಿಯನ್ ಕಾಂಗ್ರೆಸ್ಸಿನ ಒಬ್ಬನೂ ಆರಿಸಿ ಬರಲಿಲ್ಲ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕ್ಷೇತ್ರಗಳನ್ನು ಹಂಚುವಾಗ ಲೆಕ್ಕ ಹಿಡಿಯುತ್ತಿದ್ದುದು ಮತದಾರರನ್ನಲ್ಲ, ಒಟ್ಟು ಜನಸಂಖ್ಯೆಯನ್ನು. ಹೀಗಾಗಿ ತೋಟದವರ ತಲೆ ಎಣಿಸಿ ಬೆಟ್ಟದ ಸೀಮೆಗೆ ಸ್ಥಾನಗಳು ಸಿಕ್ಕಿದವು. ಆ ಸ್ಥಾನಗಳಿಗೆ ಮತ ಹಾಕಿದವರು ಮಾತ್ರ ಬಹುಪಾಲು ಸಿಂಹಳರು. ಕೂಲಿಗಾರ ಎಣಿಕೆಗೆ ಬಂದ, ಮತಕ್ಕೆ ಬರಲಿಲ್ಲ. ಅವನ ತಲೆಯ ತೂಕ ಬೇರೆಯವರ ತಕ್ಕಡಿಗೆ ಬಿತ್ತು.

ಹಾಗಾದರೆ ೨೯ನೆಯ ವಿಧಿಯ ಕಾವಲು ಏನಾಯಿತು? ಕೋಡಕನ್ ಪಿಳ್ಳೆ ಎಂಬವರ ಖಟ್ಲೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಯಾರು ತನ್ನ ಪೌರರೆಂಬುದನ್ನು ನಿರ್ಣಯಿಸುವುದು ದೇಶದ ಸಹಜ ಅಧಿಕಾರ, ಈ ಕಾಯಿದೆ ಒಂದು ಕೋಮಿನ ವಿರುದ್ಧ ಮಾಡಿದ್ದಲ್ಲ ಎಂದು ೧೯೫೩ರಲ್ಲಿ ತೀರ್ಪು ಬಂತು. ಕಾಯಿದೆಯಲ್ಲಿ ತಮಿಳ ಎಂಬ ಶಬ್ದವೇ ಇರಲಿಲ್ಲವಲ್ಲ!

೪. ಸುಮ್ಮನಿದ್ದವರು

ಆಗ ಸಿಲೋನ್ ತಮಿಳರು ಏನು ಮಾಡಿದರು? ಅವರ ದೊಡ್ಡ ಮುಖಂಡರಾಗಿದ್ದ ಜಿ. ಜಿ. ಪೊನ್ನಂಬಲಂ ೧೯೪೮ರಲ್ಲಿಯೇ ಸೇನಾನಾಯಕರ ಸಂಪುಟವನ್ನು ಸೇರಿ ಮಂತ್ರಿಯಾದರು. ಜಾಫ್ನಾದ ವಕೀಲರಿಗೂ ಗುಮಾಸ್ತರಿಗೂ ತೋಟದ ಕೂಲಿಗಾರ ಭಾಷೆಯಲ್ಲಿ ನೆಂಟ, ಮರ್ಯಾದೆಯಲ್ಲಿ ಅಲ್ಲ. ಜಾತಿಯ ಅಂತರವೂ ನಡುವೆ ನಿಂತಿತ್ತು.

ಪೊನ್ನಂಬಲಂ ಅವರ ಪಕ್ಷದಲ್ಲಿಯೇ ಎಸ್. ಜೆ. ವಿ. ಚೆಲ್ವನಾಯಗಂ ಎಂಬ ವಕೀಲರಿದ್ದರು. ಇಂದು ತೋಟದವರಿಗೆ ಆದದ್ದು ನಾಳೆ ಭಾಷೆಯ ವಿಷಯದಲ್ಲಿ ನಮಗೇ ಆದೀತು ಎಂಬ ಅರ್ಥದ ಎಚ್ಚರಿಕೆ ಕೊಟ್ಟು ಅವರು ಹೊರಬಿದ್ದರು. ೧೯೪೯ರ ಡಿಸೆಂಬರಿನಲ್ಲಿ ಫೆಡರಲ್ ಪಕ್ಷವನ್ನು ಸ್ಥಾಪಿಸಿದರು. ಎಡಪಕ್ಷಗಳ ಸಿಂಹಳ ಮುಖಂಡರೂ ಪೌರತ್ವದ ಕಾಯಿದೆಯನ್ನು ವಿರೋಧಿಸಿದರು. ಆದರೆ ಬಹುಮತದ ಮುಂದೆ ಅವರ ಮಾತು ನಡೆಯಲಿಲ್ಲ.

೫. ಗುಮಾಸ್ತನ ಸರದಿ

ಇಂಗ್ಲಿಷರ ಕಾಲದಲ್ಲಿ ಸರಕಾರಿ ಕೆಲಸವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆ ಭಾಷೆ ಬಲ್ಲವರು ಬೆರಳೆಣಿಕೆಯ ಜನ. ಜಾಫ್ನಾದಲ್ಲಿ ಮಿಶನರಿ ಶಾಲೆಗಳು ಹೆಚ್ಚಾಗಿದ್ದುವು. ನೆಲ ಒಣ, ಒಕ್ಕಲುತನ ಕಷ್ಟ. ಅಲ್ಲಿನ ತಮಿಳರು ಮಕ್ಕಳಿಗೆ ಇಂಗ್ಲಿಷು ಕಲಿಸಿ ಸರಕಾರಿ ನೌಕರಿಗೆ ಕಳಿಸಿದರು. ಕಚೇರಿಗಳಲ್ಲಿ ಅವರ ಪಾಲು ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿತ್ತು. ಸಿಂಹಳ ಶಾಲೆಯಲ್ಲಿ ಕಲಿತ ಹಳ್ಳಿಯ ಹುಡುಗನಿಗೆ ಕಚೇರಿಯ ಬಾಗಿಲು ಮುಚ್ಚಿತ್ತು. ತನ್ನ ದೇಶದಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂಬ ಅವನ ನೋವು ಸುಳ್ಳಲ್ಲ. ೧೯೪೪ರಲ್ಲಿ ಶಾಸನಸಭೆ ಈ ಪ್ರಶ್ನೆಯನ್ನು ಚರ್ಚಿಸಿ, ಸಿಂಹಳ ಮತ್ತು ತಮಿಳು ಎರಡೂ ಇಂಗ್ಲಿಷಿನ ಜಾಗಕ್ಕೆ ಬರಬೇಕೆಂದು ಗೊತ್ತುವಳಿ ಮಾಡಿತ್ತು. ಆ ದಾರಿಯಲ್ಲಿ ನಡೆದಿದ್ದರೆ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ.

ಆದರೆ ಚುನಾವಣೆಯ ಲೆಕ್ಕ ಬದಲಾಗಿತ್ತು. ತೋಟದವರ ಮತ ಹೋದ ಮೇಲೆ ಸಿಂಹಳ ಹಳ್ಳಿಗಳ ಮತವೊಂದನ್ನೇ ಗೆದ್ದರೂ ಸರಕಾರ ಕಟ್ಟಬಹುದಾಗಿತ್ತು. ಹರಾಜಿನ ಕೂಗು ಮೊದಲಾಯಿತು. ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕೆ ಆಳುವ ಪಕ್ಷವನ್ನು ೧೯೫೧ರಲ್ಲಿ ಬಿಟ್ಟು ತಮ್ಮದೇ ಪಕ್ಷ ಕಟ್ಟಿದ್ದರು. ಸಿಂಹಳವೊಂದೇ ಆಡಳಿತ ಭಾಷೆಯಾಗಬೇಕೆಂದು ಅವರು ಕೂಗಿದರು. ಎರಡೂ ಭಾಷೆ ಎನ್ನುತ್ತಿದ್ದ ಆಳುವ ಪಕ್ಷವೂ ೧೯೫೬ರ ಮೊದಲಲ್ಲಿ ಮಾತು ಬದಲಿಸಿ ಅದೇ ಕೂಗು ಹಾಕಿತು. ಚುನಾವಣೆಯಲ್ಲಿ ಬಂಡಾರನಾಯಕೆ ಗೆದ್ದರು. ೧೯೫೬ರ ಜೂನಿನಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯೆಂಬ ಕಾಯಿದೆ ಪಾಸಾಯಿತು. ಪಾರ್ಲಿಮೆಂಟಿನ ಹತ್ತಿರ ಸತ್ಯಾಗ್ರಹಕ್ಕೆ ಕುಳಿತ ತಮಿಳರಿಗೆ ಏಟು ಬಿತ್ತು, ಗಲಭೆ ಹಬ್ಬಿತು. ಎರಡು ಭಾಷೆಯಿಟ್ಟರೆ ಒಂದು ದೇಶ, ಒಂದೇ ಭಾಷೆಯಿಟ್ಟರೆ ಎರಡು ದೇಶ ಎಂಬರ್ಥದ ಮಾತನ್ನು ಎಡಪಕ್ಷದ ಕೋಲ್ವಿನ್ ಡಿ ಸಿಲ್ವಾ ಆಗ ಆಡಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಕೂಲಿಗಾರನ ಮನೆಗೆ ಬಂದ ಕಾಯಿದೆ ಗುಮಾಸ್ತನ ಮನೆಗೂ ಬಂತು.

ಅದು ಬಂದ ಬಗೆಯನ್ನು ನಮ್ಮ ಗುಮಾಸ್ತ ವಾಚಕರು ಗಮನಿಸಬೇಕು. ಯಾರನ್ನೂ ಒಂದೇ ದಿನ ಹೊರಗೆ ಹಾಕಲಿಲ್ಲ. ಸಿಂಹಳ ಪರೀಕ್ಷೆ ಕಟ್ಟಬೇಕು. ಪಾಸಾಗದಿದ್ದರೆ ವಾರ್ಷಿಕ ಬಡ್ತಿ ನಿಲ್ಲುವುದು. ಕೋಡೀಶ್ವರನ್ ಎಂಬ ತಮಿಳು ಸರಕಾರಿ ಗುಮಾಸ್ತರ ಬಡ್ತಿ ೧೯೬೨ರಲ್ಲಿ ಹೀಗೆ ನಿಂತಿತು. ಅವರು ಸರಕಾರದ ಮೇಲೆ ದಾವಾ ಹೂಡಿದರು. ೧೯೬೪ರಲ್ಲಿ ಜಿಲ್ಲಾ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ೧೯೬೭ರಲ್ಲಿ ಸುಪ್ರೀಂ ಕೋರ್ಟು, ಸರಕಾರಿ ನೌಕರ ಸಂಬಳಕ್ಕಾಗಿ ಸರಕಾರದ ಮೇಲೆ ದಾವಾ ಹೂಡುವಂತೆಯೇ ಇಲ್ಲವೆಂದು ಅದನ್ನು ತಳ್ಳಿತು. ೧೯೬೯ರಲ್ಲಿ ಪ್ರಿವಿ ಕೌನ್ಸಿಲು, ಹೂಡಬಹುದೆಂದು ಹೇಳಿ, ಭಾಷಾ ಕಾಯಿದೆ ೨೯ನೆಯ ವಿಧಿಗೆ ವಿರುದ್ಧವೋ ಎಂಬ ಮೂಲ ಪ್ರಶ್ನೆಯ ನಿರ್ಣಯಕ್ಕೆ ಖಟ್ಲೆಯನ್ನು ಹಿಂದಕ್ಕೆ ಕಳಿಸಿತು. ಆ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ೧೯೭೨ರ ಹೊಸ ರಾಜ್ಯಾಂಗ ೨೯ನೆಯ ವಿಧಿಯನ್ನೇ ಕೈಬಿಟ್ಟಿತು. ಅದನ್ನು ರೂಪಿಸಿದ ಮಂತ್ರಿ ಬೇರಾರೂ ಅಲ್ಲ, ಅದೇ ಕೋಲ್ವಿನ್ ಡಿ ಸಿಲ್ವಾ. ಅಧಿಕಾರದ ಕುರ್ಚಿ ಮನುಷ್ಯನನ್ನು ಎಷ್ಟು ದೂರ ಒಯ್ಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ನಡುವೆ ರಾಜಿಯ ಯತ್ನ ನಡೆಯಲಿಲ್ಲವೆಂದಲ್ಲ. ೧೯೫೭ರ ಜುಲೈಯಲ್ಲಿ ಬಂಡಾರನಾಯಕೆ ಮತ್ತು ಚೆಲ್ವನಾಯಗಂ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳಿಗೆ ಸ್ಥಾನ, ಪ್ರಾಂತಗಳಿಗೆ ಸ್ವಲ್ಪ ಅಧಿಕಾರ ಎಂಬುದು ಅದರ ಸಾರ. ಈ ಬಾರಿ ವಿರೋಧಕ್ಕೆ ನಿಂತದ್ದು ಸೋತು ಕುಳಿತಿದ್ದ ಹಳೆಯ ಪಕ್ಷ. ಭಿಕ್ಷುಗಳು ಪ್ರಧಾನಿಯ ಮನೆಯ ಮುಂದೆ ಕುಳಿತರು. ೧೯೫೮ರ ಏಪ್ರಿಲಿನಲ್ಲಿ ಒಪ್ಪಂದ ಮುರಿಯಿತು. ಮುಂದಿನ ತಿಂಗಳು ದೊಡ್ಡ ದೊಂಬಿ ನಡೆಯಿತು. ೧೯೫೯ರಲ್ಲಿ ಒಬ್ಬ ಭಿಕ್ಷು ಬಂಡಾರನಾಯಕೆ ಅವರನ್ನು ಗುಂಡಿಟ್ಟು ಕೊಂದನು. ತಾನು ಹೊತ್ತಿಸಿದ ಬೆಂಕಿಯನ್ನು ಆರಿಸಲು ಹೋದವನಿಗೆ ಕೈ ಸುಡದೆ ಇರಲಿಲ್ಲ.

೬. ಮನುಷ್ಯರ ಹಂಚಿಕೆ

ಇನ್ನು ತೋಟದವರ ಮಾತಿಗೆ ಮರಳೋಣ. ಅವರನ್ನು ಸಿಲೋನ್ ತನ್ನವರೆನ್ನಲಿಲ್ಲ. ಅಲ್ಲಿ ಹುಟ್ಟಿ ಬೆಳೆದವರು ತನ್ನವರಾಗುವುದೆಂತು ಎಂದು ಭಾರತವೂ ಕೇಳಿತು. ೧೯೬೪ರ ಅಕ್ಟೋಬರ್ ೩೦ರಂದು ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಮತ್ತು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಒಪ್ಪಂದಕ್ಕೆ ಬಂದರು. ಒಟ್ಟು ೯ ಲಕ್ಷ ೭೫ ಸಾವಿರ ಜನ. ಅವರಲ್ಲಿ ೫ ಲಕ್ಷ ೨೫ ಸಾವಿರ ಭಾರತಕ್ಕೆ, ೩ ಲಕ್ಷ ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ ವಿಚಾರ ಮುಂದೆ. ಆ ಉಳಿದವರನ್ನು ೧೯೭೪ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಸಮಪಾಲು ಮಾಡಿಕೊಂಡರು. ಹಂಚಿಕೆಗೊಳಗಾದವರನ್ನು ಯಾರೂ ಕೇಳಲಿಲ್ಲವೆಂದು ತೊಂಡಮಾನ್ ದೂರಿದರು. ದಾಯಾದಿಗಳು ಪಾತ್ರೆ ಹಂಚಿಕೊಂಡ ಹಾಗೆ ಎರಡು ಸರಕಾರಗಳು ಜನರನ್ನು ಹಂಚಿಕೊಂಡವು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಮೀರಿ ಜನ ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ ಬಂದರು. ಅಜ್ಜ ಬಿಟ್ಟುಹೋದ ಊರು ಮೊಮ್ಮಗನಿಗೆ ಪರಸ್ಥಳ. ಹಲವರು ನೀಲಗಿರಿಯ ಚಹತೋಟಗಳಲ್ಲಿ ನೆಲೆಸಿದರು. ನಮ್ಮ ನಾಡಿಗೂ ಕೆಲವು ಸಂಸಾರಗಳು ಬಂದವು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸವೂ ವಸತಿಯೂ ದೊರೆತವು. ಆ ಕಡೆಯಿಂದ ಬಂದ ವಾಚಕರು ಅವರನ್ನು ಕಂಡಿರಬಹುದು. ಊರಲ್ಲಿ ಅವರನ್ನು ಸಿಲೋನಿನವರೆಂದು ಕರೆದರೆ, ಸಿಲೋನಿನಲ್ಲಿ ಅವರನ್ನು ಇಂಡಿಯದವರೆಂದು ಕರೆಯುತ್ತಿದ್ದರೆಂಬುದನ್ನು ನೆನೆಯಬೇಕು.

ಅಲ್ಲಿಯೇ ಉಳಿದವರಿಗೆ ಕಡೆಗೆ ನ್ಯಾಯ ದೊರೆಯಿತು. ತೊಂಡಮಾನ್ ೧೯೭೭ರಲ್ಲಿ ಮತ್ತೆ ಚುನಾವಣೆಯಲ್ಲಿ ಗೆದ್ದು ಮುಂದೆ ಮಂತ್ರಿಯಾದರು. ೧೯೮೮ರ ಮತ್ತು ೨೦೦೩ರ ಕಾಯಿದೆಗಳಿಂದ ಪೌರತ್ವವಿಲ್ಲದೆ ಉಳಿದಿದ್ದವರಿಗೆ ಅದು ಸಿಕ್ಕಿತು. ತಮಿಳೂ ಆಡಳಿತ ಭಾಷೆಯೆಂದು ೧೯೮೭ರ ತಿದ್ದುಪಡಿ ಒಪ್ಪಿತು. ಆದರೆ ಅಷ್ಟರಲ್ಲಿ, ೧೯೮೩ರಲ್ಲಿ, ಅಂತರ್ಯುದ್ಧ ಮೊದಲಾಗಿತ್ತು. ೨೦೦೯ರವರೆಗೆ ನಡೆದ ಆ ಯುದ್ಧದಲ್ಲಿ ಸಾವಿರ ಸಾವಿರ ಜನ ಸತ್ತರು. ೧೯೪೪ರ ಗೊತ್ತುವಳಿಯಲ್ಲಿ ಒಪ್ಪಿದ್ದನ್ನು ಮತ್ತೆ ಒಪ್ಪಲು ನಾಲ್ವತ್ತಮೂರು ವರ್ಷ ಹಿಡಿಯಿತು. ಅದೂ ಯುದ್ಧದ ನಡುವೆ.

೭. ನಾವು ತಿಳಿಯಬೇಕಾದದ್ದು

ಸಿಂಹಳರು ಕೆಟ್ಟವರು, ತಮಿಳರು ಒಳ್ಳೆಯವರು ಎಂದು ಈ ಪಾಠವನ್ನು ಓದಬಾರದು. ನೆಲ ಕಳೆದುಕೊಂಡ ರೈತ, ಭಾಷೆಗೆ ಮರ್ಯಾದೆ ಬಯಸಿದ ಹುಡುಗ, ಇಬ್ಬರ ಅಳಲೂ ನಿಜ. ಅವರ ಅಳಲನ್ನು ತೀರಿಸಲು ಮತ್ತೊಬ್ಬ ಬಡವನ ಹಕ್ಕನ್ನು ಕಿತ್ತರು, ತಪ್ಪಾದದ್ದು ಅಲ್ಲಿ. ಕಿತ್ತದ್ದರಿಂದ ರೈತನಿಗೆ ನೆಲವೂ ಬರಲಿಲ್ಲ.

ಎರಡನೆಯ ಮಾತು ನಮಗೇ ಹತ್ತಿರವಾದದ್ದು. ಹಕ್ಕು ತೆಗೆಯುವವರು ಎಲ್ಲರಿಗಿಂತ ದುರ್ಬಲನಾದವನಿಂದ ಪ್ರಾರಂಭಿಸುತ್ತಾರೆ. ಅವನಿಗೆ ಕಾಗದವಿಲ್ಲ, ವಕೀಲರಿಲ್ಲ. ಅವನ ಪರವಾಗಿ ಕೂಗಿದರೆ ನಮಗೆ ಲಾಭವೂ ಇಲ್ಲ. ಹೀಗೆಂದು ಸುಮ್ಮನಿದ್ದವನು, ತನ್ನ ಸರದಿ ಬಂದಾಗ ಜೊತೆಗೆ ನಿಲ್ಲಬೇಕಾದವರನ್ನು ಅಷ್ಟರಲ್ಲೇ ಕಳೆದುಕೊಂಡಿರುತ್ತಾನೆ. ತೋಟದವರ ಮತ ಉಳಿದಿದ್ದರೆ ೧೯೫೬ರ ಕೂಗಿಗೆ ಅಷ್ಟು ಬಲ ಬರುತ್ತಿತ್ತೇ ಎಂಬುದನ್ನು ವಾಚಕರೇ ಯೋಚಿಸಲಿ.

ಅಭ್ಯಾಸಕ್ಕೆ ಪ್ರಶ್ನೆಗಳು. (೧) ಕಾಯಿದೆಯಲ್ಲಿ ಒಂದು ಕೋಮಿನ ಹೆಸರಿಲ್ಲದಿದ್ದರೂ ಅದು ಆ ಕೋಮಿಗೇ ತಗಲುವುದು ಹೇಗೆ? ಉದಾಹರಣೆ ಕೊಟ್ಟು ವಿವರಿಸಿರಿ. (೨) ಮತದಾರರನ್ನು ಬಿಟ್ಟು ಜನಸಂಖ್ಯೆಯ ಮೇಲೆ ಕ್ಷೇತ್ರ ಹಂಚಿದ್ದರಿಂದ ಯಾರಿಗೆ ಲಾಭವಾಯಿತು? (೩) ಸಿಂಹಳ ಹಳ್ಳಿಯ ಹುಡುಗನ ನ್ಯಾಯವಾದ ಬೇಡಿಕೆಯನ್ನು ತಮಿಳು ಗುಮಾಸ್ತನಿಗೆ ಅನ್ಯಾಯವಾಗದಂತೆ ತೀರಿಸುವ ದಾರಿ ಯಾವುದಿತ್ತು? (೪) ನಿಮ್ಮ ಅಪ್ಪ, ಅಜ್ಜ, ಮುತ್ತಜ್ಜ ಹುಟ್ಟಿದ ಊರು ಮತ್ತು ವರ್ಷವನ್ನು ಬರೆಯಿರಿ. ಅವುಗಳಲ್ಲಿ ಯಾವುದಕ್ಕೆ ನಿಮ್ಮ ಬಳಿ ಕಾಗದವಿದೆಯೆಂದು ನೋಡಿರಿ. ನಾಲ್ಕನೆಯದನ್ನು ಬಿಡಿಸಲು ಕುಳಿತವರಿಗೆ ಉಳಿದ ಮೂರೂ ತಾವಾಗಿಯೇ ತಿಳಿದಾವೆಂದು ನಾವು ನಂಬುತ್ತೇವೆ.